ಊರಮ್ಮನ ಬಣ್ಣದ ಪರೀಕ್ಷೆ

ಮಧುಗಿರಿಯ ಸಂಗ್ರಹಾಲಯದವರು ನನ್ನನ್ನು ಕರೆಸಿದ್ದು ಬಣ್ಣ ಉದುರುವುದನ್ನು ನಿಲ್ಲಿಸುವುದಕ್ಕೆ, ಬೇರೆ ಯಾವುದಕ್ಕೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲ. ಬೆಂಗಳೂರಿನ ಪ್ರಯೋಗಾಲಯದಲ್ಲಿ ಬಾವಿಯ ನೀರು, ಗೊಬ್ಬರ, ಸಾರಾಯಿ ಪರೀಕ್ಷಿಸುವುದರ ಜೊತೆಗೆ ಹಳೆಯ ಬಣ್ಣಗಳನ್ನು ಪರೀಕ್ಷಿಸುವುದೂ ನನ್ನ ಪಾಲಿಗೆ ಬಂದಿತ್ತು. ಊರಿನ ಕೆಲವು ಗಣ್ಯರು ಸಮಿತಿ ಮಾಡಿಕೊಂಡು, ಬೆಟ್ಟದ ಬುಡದ ಒಂದು ಹಳೆಯ ಬಂಗಲೆಯಲ್ಲಿ ಕತ್ತಿ, ಗುರಾಣಿ, ಒಡೆದ ವಿಗ್ರಹಗಳನ್ನು ಜೋಡಿಸಿಟ್ಟಿದ್ದರು. ನಿವೃತ್ತ ಅಮಲ್ದಾರರೊಬ್ಬರು ಅದರ ಕಾರ್ಯದರ್ಶಿ. ನಡುಮನೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಮೊಳಕಾಲೆತ್ತರದ ಮರದ ದೇವಿ. ಕೆಂಪು ಮೈ, ಹಳದಿ ಸೀರೆ. ಪಾವಗಡದ ಕಡೆಯ ದಲ್ಲಾಳಿಯೊಬ್ಬನಿಂದ ಸಮಿತಿ ಕೊಂಡದ್ದು. ಕೆಳಗೆ ಚೀಟಿ: ‘ಊರಮ್ಮ. ಐ.ಡಿ.ಹಳ್ಳಿ ಸೀಮೆ. ಪಾಳೆಯಗಾರರ ಕಾಲ.’

ಕಂಡದ್ದನ್ನು ಒಂದು ಕಡೆ, ಕೇಳಿದ್ದನ್ನು ಇನ್ನೊಂದು ಕಡೆ ಬರೆದಿಡುವುದು ನನ್ನ ರೂಢಿ. ಮೊದಲು ಕಂಡದ್ದು ಇರುವೆಗಳು. ಪೆಟ್ಟಿಗೆಯ ಸಂದಿನಿಂದ ಒಳಹೊಕ್ಕು ದೇವಿಯ ಕೆನ್ನೆಯವರೆಗೆ ಸಾಲು ಕಟ್ಟಿದ್ದವು. ಹಕ್ಕಳೆ ಎದ್ದ ಬಣ್ಣದ ಅಡಿಗೆ ನುಗ್ಗಿ ಹೊರಬರುತ್ತಿದ್ದವು.

“ಜನ ಹಣ್ಣುಕಾಯಿ ತಂದು ಇಡ್ತಾರೆ ರೀ, ಎಷ್ಟು ಬೇಡ ಅಂದರೂ ಕೇಳೋದಿಲ್ಲ,” ಎಂದರು ಕಾರ್ಯದರ್ಶಿ. “ಇರುವೆ ಬಿಡಿ. ಬಣ್ಣ ನಿಲ್ಲಿಸಿಕೊಡಿ. ತಿಂಗಳ ಕೊನೆಗೆ ದೊಡ್ಡವರು ಬರೋರಿದ್ದಾರೆ.”

ಉದುರುವ ಬಣ್ಣವನ್ನು ಅಂಟಿಸಬೇಕಾದರೆ ಅದು ಯಾವುದರಿಂದ ಆದದ್ದೆಂದು ಮೊದಲು ತಿಳಿಯಬೇಕು. ಸೀರೆಯ ಅಂಚಿನಿಂದ ಸಾಸಿವೆಯಷ್ಟು ಚೂರೊಂದನ್ನು ಕ್ಷೌರದ ಅಲಗಿನಿಂದ ಎತ್ತಿದೆ. ಕರಗಿಸಿದ ಮೇಣದಲ್ಲಿ ಕೂರಿಸಿ, ಮೇಣ ಗಟ್ಟಿಯಾದ ಮೇಲೆ ಅಡ್ಡಲಾಗಿ ಕೊಯ್ದು, ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಹೀಗೆ ಕೊಯ್ದರೆ ಬಣ್ಣದ ಪದರಗಳು ಒಂದರ ಮೇಲೊಂದು ಹಾಸಿದ ಕಂಬಳಿಗಳಂತೆ ಕಾಣುತ್ತವೆ. ಮೇಲೆ ಕಂದು ಜಿಡ್ಡು, ಅದರಡಿ ಹಳದಿ, ಹಳದಿಯಡಿ ಹೊಳೆಯುವ ತೆಳು ಪೊರೆ, ಎಲ್ಲಕ್ಕಿಂತ ಕೆಳಗೆ ಮರಕ್ಕೆ ತಾಗಿಕೊಂಡು ದಪ್ಪನೆಯ ಬಿಳುಪು. ಅಷ್ಟೇ.

ಕಂದು ಜಿಡ್ಡನ್ನು ಬಿಸಿನೀರಿಗೆ ಹಾಕಿದೆ. ಗುಡಿಯ ದೀಪದೆಣ್ಣೆಯ ಜಿಡ್ಡು ನೀರಿಗೆ ಜಗ್ಗುವುದಿಲ್ಲ. ಇದು ಕ್ಷಣದಲ್ಲಿ ಕರಗಿತು, ತಳದಲ್ಲಿ ಮಸಿ ನಿಂತಿತು, ನೀರಿಗೆ ಬೆಲ್ಲದ ವಾಸನೆ ಬಂತು. ಬೆಲ್ಲದ ನೀರಿನಲ್ಲಿ ಕಲಸಿದ ದೀಪದ ಮಸಿ. ಪಾಳೆಯಗಾರರ ಕಾಲದ ಹಳಮೆಯನ್ನು ಯಾರೋ ಬಾಣಲೆಯಲ್ಲಿ ಕಾಯಿಸಿ ಬಳಿದಿದ್ದರು. ಬೆಲ್ಲ ತೇವ ಹೀರುತ್ತದೆ, ಬಣ್ಣ ಏಳುತ್ತದೆ, ಇರುವೆ ಬರುತ್ತದೆ. ಅವರು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿಗೇ ಸಿಕ್ಕಿತ್ತು.

ಆದರೆ ಹೊಳೆಯುವ ಪೊರೆ ಉಳಿದಿತ್ತು. ಡೈಫಿನೈಲಮೀನ್ ಎಂಬ ರಾಸಾಯನಿಕ ಕರಗಿಸಿದ ಗಂಧಕಾಮ್ಲವನ್ನು ಅದರ ಮೇಲೆ ಒಂದು ತೊಟ್ಟು ಬಿಟ್ಟೆ. ಗಾಢ ನೀಲಿ. ಹತ್ತಿಯನ್ನು ಆಮ್ಲದಲ್ಲಿ ನೆನೆಸಿ ಕಾರ್ಖಾನೆಯಲ್ಲಿ ತಯಾರಿಸುವ ಮೆರುಗು ಅದು, ಮೋಟಾರು ಗಾಡಿಗಳ ಮೈಗೆ ಪಿಚಕಾರಿಯಲ್ಲಿ ಹೊಡೆಯುವಂಥದ್ದು. ತಳದ ಬಿಳುಪನ್ನು ಬಲವಾದ ಗಂಧಕಾಮ್ಲದಲ್ಲಿ ಕಾಯಿಸಿ, ಆರಿಸಿ, ನೀರಿಗೆ ಬೆರೆಸಿ, ಆಸ್ಪತ್ರೆಯ ಕಾಂಪೌಂಡರಿಂದ ತಂದ ಹೈಡ್ರೊಜನ್ ಪೆರಾಕ್ಸೈಡ್ ಹನಿಸಿದೆ. ತಿಳಿಯಾಗಿದ್ದ ನೀರು ಕಿತ್ತಳೆ ಬಣ್ಣಕ್ಕೆ ತಿರುಗಿತು. ಟೈಟೇನಿಯಂ ಬಿಳುಪು. ಮೊದಲ ಮಹಾಯುದ್ಧಕ್ಕೆ ಮುಂಚೆ ಯಾವ ಅಂಗಡಿಯಲ್ಲೂ ಸಿಗದಿದ್ದ ಬಣ್ಣ.

ಕಾರ್ಯದರ್ಶಿಯವರಿಗೆ ಹೇಳಿದೆ. ಅವರು ದಡ್ಡರಲ್ಲ.

“ಬಣ್ಣ ಹೊಸದು ಅಂದರೆ ಮರ ಹೊಸದು ಅಂತ ಆಗುತ್ತೇನ್ರಿ? ಹಳ್ಳಿಯವರು ಹಳೇದನ್ನೆಲ್ಲ ಕೆರೆದು ಹೊಸದಾಗಿ ಬಳಿಸಿರಬಹುದು.”

ಆಕ್ಷೇಪಣೆ ಸರಿಯಾದದ್ದೇ. ಹಳ್ಳಿಯ ರೂಢಿ ತಿಳಿದವರನ್ನೇ ಕೇಳಬೇಕಿತ್ತು.

ಬಂಗಲೆಯ ಎದುರಿನ ಬೇವಿನ ಮರದಡಿ ಒಬ್ಬ ಮುದುಕನೂ ಅವನ ಹೆಂಡತಿಯೂ ಕೂತಿರುವುದನ್ನು ಬಂದ ದಿನದಿಂದ ನೋಡುತ್ತಿದ್ದೆ. ಒಳಗೆ ಬರುತ್ತಿರಲಿಲ್ಲ, ಎದ್ದು ಹೋಗುತ್ತಲೂ ಇರಲಿಲ್ಲ. “ಅವರತ್ತ ಗಮನ ಕೊಡಬೇಡಿ,” ಎಂದಿದ್ದರು ಕಾರ್ಯದರ್ಶಿ. ಆ ಸಂಜೆ ನಾನೇ ಹೋಗಿ ಯಾರೆಂದು ಕೇಳಿದೆ. ಚೀಟಿಯಲ್ಲಿ ಹೇಳಿದ ಊರಮ್ಮನ ಪೂಜಾರಿ ಅವನು.

“ನಮ್ಮವ್ವ ಊರ ಗುಡೀಲೇ ಅವ್ಳೆ ಸ್ವಾಮಿ,” ಎಂದ. “ಇದು ಯಾವುದೋ ಗೊಂಬೆ. ನೋಡಿದ್ ಜನ ಎಲ್ಲ ಇದೇ ನಮ್ಮವ್ವ, ಪೂಜಾರಿ ಮಾರ್ಕಂಡವ್ನೆ, ಗುಡೀಲಿರೋದು ಸುಳ್ಳವ್ವ ಅಂತಾರೆ.”

“ಏಕೆ ಹಾಗನ್ನುತ್ತಾರೆ?”

“ಹಿಂದೆ ಒಂದ್ಸಲ ಬಣ್ಣಕ್ಕೆ ಅಂತ ಅವ್ವನ್ನ ಕೊರಟಗೆರೆ ಚಿತ್ರಗಾರನ ಮನೇಗೆ ಹೊತ್ಕಂಡೋಗಿದ್ದೆ. ಒಣಗೋಗಂಟ ಅಲ್ಲೇ ಬುಟ್ಟಿದ್ದೆ. ಅವಾಗ ಯಾರು ನೋಡ್ಕಂಡು ಗೊಂಬೆ ಕೆತ್ತಿದ್ರೋ ನಂಗೇನು ಗೊತ್ತು?”

ಹೆಂಡತಿ ಅವನನ್ನು ತಡೆದಳು. “ಅದೆಲ್ಲ ಯಾಕೆ ಹೇಳ್ತೀಯ, ಈಗಿಂದು ಹೇಳು. ಸ್ವಾಮಿ, ಗುಡಿ ಬೀಗದ ಕೈ ಕಿತ್ಕಂಡು ನಮ್ಮನೆ ಬಾಗ್ಲಿಗೆ ಮುಳ್ ಎಳ್ದವ್ರೆ. ಬಾವೀಲಿ ನೀರು ಸೇದಕ್ಕೆ ಬುಡಲ್ಲ. ಬರೋ ಅಮಾಸೆಗೆ ಅವ್ವನ್ನ ಕೆರೆಗೆ ಎಸ್ದು ನಮ್ಮನ್ನ ಕುಲದಿಂದ ಆಚೀಗೆ ಹಾಕ್ತಾರಂತೆ. ಸತ್ರೆ ಹೊರಾಕೂ ಜನ ಬರಲ್ಲ.”

ನನಗೆ ಬೇಕಾಗಿದ್ದ ಒಂದು ಮಾತು ಕೇಳಿದೆ: ಬಣ್ಣ ಹಚ್ಚುವಾಗ ಹಳೆಯದನ್ನು ಕೆರೆಯುತ್ತಾರೆಯೆ?

ಮುದುಕ ನಾನೇನೋ ಹೊಲಸು ಮಾತಾಡಿದೆನೆಂಬಂತೆ ಮುಖ ಹಿಂದಕ್ಕೆಳೆದುಕೊಂಡ. “ಅವ್ವನ ಮೈ ಕೆರೆಯದಾ? ಬಣ್ಣದ ಮ್ಯಾಲೆ ಬಣ್ಣ ಸ್ವಾಮಿ. ಕೆರದ್ರೆ ಚರ್ಮ ಸುಲ್ದಂಗೆ. ನಮ್ಮ ತಾತನ ತಾತನ ಕಾಲದ್ ಬಣ್ಣಾನೂ ಒಳಗೇ ಐತೆ.”

ಹಾಗಿದ್ದರೆ ಗುಡಿಯ ದೇವಿಯ ಮೈಯಿಂದ ಸಾಸಿವೆಯಷ್ಟು ಚೂರು ಸಿಕ್ಕರೆ ಸಾಕು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಮಾತು ಮುಗಿಯುತ್ತದೆ. ಮರುದಿನ, ಪೆಟ್ರೋಲು ಸಿಗದ ಆ ದಿನಗಳಲ್ಲಿ ಓಡುತ್ತಿದ್ದ ಇದ್ದಿಲ ಗ್ಯಾಸಿನ ಬಸ್ಸು ಹಿಡಿದು, ಮೈಯೆಲ್ಲ ಮಸಿ ಮಾಡಿಕೊಂಡು ಐ.ಡಿ.ಹಳ್ಳಿಯಲ್ಲಿ ಇಳಿದು, ಗಂಡಹೆಂಡಿರ ಹಿಂದೆ ನಡೆದೆ. ಊರ ಗಡಿಯ ಬಳಿ ಅವರು ನಿಂತರು. ಮುಂದೆ ನಾನೊಬ್ಬನೇ ಹೋಗಬೇಕಂತೆ. ಜೊತೆಯಲ್ಲಿ ಕಂಡರೆ ನನ್ನೊಡನೆಯೂ ಯಾರೂ ಮಾತಾಡುವುದಿಲ್ಲವಂತೆ.

ಊರಿನ ಗೌಡ ದಪ್ಪ ಮೀಸೆಯ, ನಗುಮುಖದ ಮನುಷ್ಯ. ನಾನು ಬಂದ ಕೆಲಸ ಕೇಳಿ ಅವನ ನಗು ಹೆಚ್ಚಾಯಿತು.

“ತಡ ಮಾಡ್ಬುಟ್ರಿ ಸ್ವಾಮಿ. ಪರೀಕ್ಸೆ ನಾವೇ ಮಾಡ್ಬುಟ್ವಿ.”

“ಹೇಗೆ ಮಾಡಿದಿರಿ?”

“ಸಿರಾ ಸಂತೆಯಿಂದ ವಾಸಿಂಗ್ ಸೋಡಾ ತರ್ಸಿದ್ವಿ. ಸುಣ್ಣ ಬೆರ್ಸಿ ಹಂಡೇಲಿ ಕುದ್ಸಿ ಅವ್ಳ ಮೈಮ್ಯಾಲೆ ಹುಯ್ದ್ವಿ. ನಿಜವಾದ ಅವ್ವ ಆಗಿದ್ರೆ ತಡ್ಕಂತಿದ್ಲು. ಇವ್ಳು ಬಣ್ಣ ಬುಟ್ಬುಟ್ಳು! ಚಕ್ಕೆ ಚಕ್ಕೆ ಬಂತು. ಇನ್ನೇನು ಬೇಕು?”

“ಮಧುಗಿರಿಯ ದೇವಿಯ ಮೇಲೆ ಹುಯ್ದಿದ್ದೀರಾ?”

“ಅವ್ಳ ಮ್ಯಾಲೆ ಯಾಕ್ ಹುಯ್ಯಾನ? ಅವ್ಳು ನಿಜವಾದೋಳು!”

ಸುತ್ತ ಕೂತಿದ್ದವರು ತಲೆಯಾಡಿಸಿದರು. ಸೋಡಾ, ಸುಣ್ಣ ಎರಡೂ ಸೇರಿ ಕುದಿದರೆ ಎಮ್ಮೆಯ ಚರ್ಮದ ಕೂದಲೂ ಉದುರುತ್ತದೆ. ಅದನ್ನು ದೇವರ ಸತ್ಯಪರೀಕ್ಷೆಯೆಂದು ಹುಯ್ದವರು ನೆಮ್ಮದಿಯಾಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

ಗುಡಿಯೊಳಗೆ ದೇವಿಯನ್ನು ಮೂಲೆಗೆ ಒರಗಿಸಿದ್ದರು. ಮುಖ, ಎದೆ, ತೋಳು ಎಲ್ಲ ಬೋಳು ಮರ, ಸೋಡಾ ಸುಣ್ಣದ ಕ್ಷಾರದಲ್ಲಿ ಬೆಂದು ನಾರುನಾರಾಗಿತ್ತು. ಮಸೂರ ಹಿಡಿದು ಸುತ್ತ ಹುಡುಕಿದೆ. ಹಿತ್ತಾಳೆಯ ಓಲೆ ಮೊಳೆ ಹೊಡೆದಿದ್ದ ಕಿವಿಯ ಹಳ್ಳದಲ್ಲಿ ಮಾತ್ರ ಉಗುರಿನ ಅಂಚಿನಷ್ಟು ಬಣ್ಣ ಉಳಿದಿತ್ತು. ಅದನ್ನು ಎತ್ತಿಕೊಂಡೆ. ಆದರೆ ಅದೊಂದೇ ಚೂರಿನಿಂದ ಯಾರ ಬಾಯನ್ನೂ ಮುಚ್ಚಿಸಲು ಆಗದು. ಪರೀಕ್ಷೆ ಮಾಡುವಷ್ಟರಲ್ಲಿ ಅದೇ ಮುಗಿದುಹೋಗುತ್ತದೆ.

“ಉದುರಿದ ಚಕ್ಕೆ ಎಲ್ಲಿ?” ಎಂದೆ.

ಗೌಡ ಗುಡಿಯ ಹಿಂಭಾಗಕ್ಕೆ ಕೈ ತೋರಿಸಿದ. “ಗುಂಡೀಗೆ. ಅಲ್ಲಿಗೆ ನೀವು ಹೋಗಂಗಿಲ್ಲ ಸ್ವಾಮಿ, ವಾಂತಿ ಬಂದ್ಬುಡ್ತದೆ.”

ಹೋದೆ. ಹರಕೆಯ ಕುರಿ ಕಡಿದಾಗ ಕರುಳು, ಗೊರಸು, ರಕ್ತ ತೊಳೆದ ನೀರು ಎಲ್ಲವನ್ನೂ ಹಾಕುವ ಗುಂಡಿ ಅದು. ಅದರ ಮೇಲೆ ಹಂಡೆಯ ಕ್ಷಾರದ ನೀರು ಸುರಿದಿದ್ದರಿಂದ ಕೊಬ್ಬೆಲ್ಲ ಸಾಬೂನಿನಂತೆ ಬೂದು ಕೆನೆಗಟ್ಟಿತ್ತು. ಕೆನೆಯ ಮೇಲೆ ನೊಣ, ಕೆನೆಯ ಕೆಳಗೆ ಹುಳ. ಊರಿನವರು ದೂರದಲ್ಲಿ ಮೂಗು ಮುಚ್ಚಿಕೊಂಡು ನಿಂತರು. ಹಿಂದಿರುಗುವುದು ಸುಲಭವಿತ್ತು. ‘ಮಾದರಿ ದೊರೆಯಲಿಲ್ಲ’ ಎಂದು ವರದಿಯಲ್ಲಿ ಒಂದು ಸಾಲು ಬರೆದರೆ ಯಾರೂ ಪ್ರಶ್ನಿಸುವವರಿರಲಿಲ್ಲ. ಕರ್ಪೂರ ಕಟ್ಟಿದ ಬಟ್ಟೆಯನ್ನು ಮೂಗಿಗೆ ಬಿಗಿದು, ಯಾರದೋ ಮನೆಯಿಂದ ಒಂದು ಹಳೆಯ ಜರಡಿ ಕೇಳಿ ಪಡೆದು, ಕೆಳಗಿಳಿದೆ.

ಆ ಗುಂಡಿಯಲ್ಲಿ ಮುಟ್ಟಿದ್ದನ್ನೆಲ್ಲ ಬರೆಯುವುದಿಲ್ಲ. ಜರಡಿಯಲ್ಲಿ ಮೊದಲು ಬಂದದ್ದು ಕರುಳಿನ ಸಿಪ್ಪೆ. ಎರಡು ಸಲ ಮೇಲೆ ಹತ್ತಿ ಹೋಗಿ ವಾಂತಿ ಮಾಡಿಬಂದೆ. ಆಮೇಲೆ ಜರಡಿಯ ತಳದಲ್ಲಿ ಹುಣಿಸೆ ಬೀಜದಂಥ ಚೂರುಗಳು ಸಿಕ್ಕವು. ನೀರಿನಲ್ಲಿ ತೊಳೆದು ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಕೆಂಪು, ಹಳದಿ, ಕೆಂಪು, ನೀಲಿ ಗೆರೆಗಳು ಬರಿಗಣ್ಣಿಗೇ ಕಾಣುತ್ತಿದ್ದವು. ಕ್ಷಾರ ಮೇಲಿನ ಬಣ್ಣವನ್ನು ಮೆತ್ತಗೆ ಮಾಡಿತ್ತು, ತಳದ ಬಣ್ಣವನ್ನು ಮರದಿಂದ ಬಿಡಿಸಿತ್ತು. ನಡುವಿನ ದಪ್ಪ ಪದರಗಳು ಕರಗದೆ ಇಡಿಯಾಗಿ ಕಳಚಿಬಿದ್ದಿದ್ದವು.

ಮಧುಗಿರಿಗೆ ಮರಳಿ ಕೈಯನ್ನು ಬೂದಿ, ನಿಂಬೆಹಣ್ಣು, ಸಾಬೂನು ಎಲ್ಲದರಿಂದ ಉಜ್ಜಿದೆ. ವಾಸನೆ ಹೋಗಲಿಲ್ಲ. ಊಟದ ಎಲೆಯ ಮುಂದೆ ಕೂತು ಎದ್ದೆ.

ಚೂರುಗಳನ್ನು ಮೇಣದಲ್ಲಿ ಕೂರಿಸಿ ಕೊಯ್ದೆ. ಹತ್ತಕ್ಕಿಂತ ಹೆಚ್ಚು ಸಲ ಬಣ್ಣ ಬಳಿದಿದ್ದರು. ತೀರ ಕೆಳಗೆ ಸೀಸದ ಬಿಳುಪು, ಸೋಡಿಯಂ ಸಲ್ಫೈಡು ತಾಗಿಸಿದಾಗ ಕಪ್ಪಾಯಿತು. ಅದರ ಮೇಲೆ ಕೆಮ್ಮಣ್ಣು. ನಂತರ ಹರಿತಾಳದ ಹಳದಿ, ಕೆಂಡದ ಮೇಲಿಟ್ಟರೆ ಬೆಳ್ಳುಳ್ಳಿಯ ವಾಸನೆ. ಮೇಲೆ ಬಂದಂತೆ ಅಂಗಡಿಯ ಬಣ್ಣಗಳು ಶುರುವಾಗುತ್ತಿದ್ದವು. ಬಟ್ಟೆಗೆ ಹಾಕುವ ನೀಲಿ ಪುಡಿಯನ್ನೇ ಎಣ್ಣೆಯಲ್ಲಿ ಕಲಸಿ ಯಾರೋ ಒಮ್ಮೆ ಬಳಿದಿದ್ದರು, ಆಮ್ಲದ ಹನಿ ಬಿದ್ದೊಡನೆ ನೀಲಿ ಮಾಯವಾಗಿ ಕೊಳೆತ ಮೊಟ್ಟೆಯ ವಾಸನೆ ಎದ್ದಿತು. ಕೊನೆಯದು ಸತುವಿನ ಬಿಳುಪು ಬೆರೆಸಿದ ಡಬ್ಬಿಯ ಬಣ್ಣ, ಕೊರಟಗೆರೆಯಲ್ಲಿ ಹಚ್ಚಿದ್ದಿರಬೇಕು. ಪದರ ಪದರಗಳ ನಡುವೆ ಎಣ್ಣೆ ಮಸಿ, ಒಣಗಿದ ರಕ್ತ, ಕುರಿಯ ಕೂದಲು, ಒಂದು ಕಡೆ ನೊಣದ ರೆಕ್ಕೆ. ಈ ಕೊಳೆಯನ್ನು ಬೆಲ್ಲದ ನೀರಿನಲ್ಲಿ ತಯಾರಿಸಲು ಆಗುವುದಿಲ್ಲ. ಕಿವಿಯ ಹಳ್ಳದ ಚೂರಿನಲ್ಲೂ ಪದರಗಳು ಅದೇ ಕ್ರಮದಲ್ಲಿದ್ದವು. ಯಾವ ಪದರದಲ್ಲೂ ಟೈಟೇನಿಯಂ ಇರಲಿಲ್ಲ, ಮೋಟಾರು ಮೆರುಗೂ ಇರಲಿಲ್ಲ.

ಗುಡಿಯಲ್ಲಿರುವುದು ಹಳೆಯದು. ಗಾಜಿನ ಪೆಟ್ಟಿಗೆಯದು ಅದನ್ನು ನೋಡಿ ಮಾಡಿದ ಹೊಸ ಗೊಂಬೆ. ಪೂಜಾರಿ ಏನನ್ನೂ ಮಾರಿರಲಿಲ್ಲ. ಎರಡು ಪುಟದ ವರದಿ ಬರೆದು ಕಾರ್ಯದರ್ಶಿಯವರ ಕೈಗೆ ಕೊಟ್ಟೆ. ಅವರು ನಿಧಾನವಾಗಿ ಓದಿದರು, ಮತ್ತೊಮ್ಮೆ ಓದಿದರು.

“ಈ ವರದಿ ಸಮಿತಿಯ ಸ್ವತ್ತು. ಆಚೆ ಬಾಯಿ ಬಿಡಬೇಡಿ.”

“ಪಾವಗಡದ ಕಡೆಯ ದಲ್ಲಾಳಿ ನಿಮಗೆ ಮೋಸ ಮಾಡಿದ್ದಾನೆ. ಅದನ್ನು ಹೇಳಲು ಸಂಕೋಚವೇಕೆ?”

“ಸಂಕೋಚದ ಮಾತಲ್ಲ ರೀ.” ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ದನಿ ಇಳಿಸಿದರು, ಮುಖದಲ್ಲಿ ಹೊಸ ಉತ್ಸಾಹ ಬಂದಿತ್ತು. “ಅಮಾವಾಸ್ಯೆಗೆ ಆ ಹಳೇದನ್ನ ಹೇಗೂ ಕೆರೆಗೆ ಎಸೀತಾರಂತಲ್ಲ? ಎಸೀಲಿ. ಎರಡು ದಿನ ಬಿಟ್ಟು ಬೆಸ್ತರನ್ನ ಕಳಿಸಿ ಎತ್ತಿಸಿಬಿಡೋಣ. ಯಾರ ತಕರಾರೂ ಇರೋದಿಲ್ಲ. ಆಮೇಲೆ ನೀವು ವರದಿ ಕೊಡಿ. ಅಸಲಿ ನಮ್ಮಲ್ಲೇ ಇರುತ್ತೆ.”

“ಪೂಜಾರಿ?”

“ಯಾವ ಪೂಜಾರಿ?”

ಬೇವಿನ ಮರ ಕಿಟಕಿಯಿಂದ ಕಾಣುತ್ತಿತ್ತು. ಅವರು ನಟಿಸುತ್ತಿರಲಿಲ್ಲ. ನಿಜವಾಗಿಯೂ ಆ ಮುದುಕ ಅವರ ನೆನಪಿಗೆ ಬಂದಿರಲಿಲ್ಲ. ಗುಂಡಿಯಲ್ಲಿ ಬಾರದಿದ್ದ ಒಂದು ಬಗೆಯ ಹೇಸಿಗೆ ಆ ಶುಭ್ರವಾದ ಕೋಣೆಯಲ್ಲಿ, ಕಾಫಿಯ ಲೋಟದ ಮುಂದೆ ನನಗೆ ಬಂತು. ಕರುಳು ಕೊಳೆಯುವುದು ಅದರ ಧರ್ಮ. ಇದಕ್ಕೆ ಯಾವ ಧರ್ಮವೂ ಇರಲಿಲ್ಲ.

ವರದಿಯನ್ನು ಯಾರಿಗೆ ಕೊಡಬೇಕೆಂಬುದಕ್ಕೆ ನಿಯಮವಿದೆ. ಆ ನಿಯಮ ನನಗೆ ಚೆನ್ನಾಗಿ ಗೊತ್ತು, ಅಲ್ಲಿಯವರೆಗೆ ಮೀರಿದವನಲ್ಲ. ವರದಿಯ ಒಂದು ಪ್ರತಿ ನನ್ನ ಬಳಿ ಇತ್ತು. ಅಮಾವಾಸ್ಯೆಯ ಬೆಳಿಗ್ಗೆ ಗಾಜಿನ ನಳಿಕೆಗಳು, ಸ್ಪಿರಿಟ್ ದೀಪ, ಎರಡು ಸೀಸೆ, ಎರಡೂ ಕಡೆಯ ಚೂರುಗಳನ್ನು ಚೀಲದಲ್ಲಿಟ್ಟುಕೊಂಡು ಅದೇ ಬಸ್ಸು ಹತ್ತಿದೆ. ಪೂಜಾರಿಯೂ ಹೆಂಡತಿಯೂ ಜೊತೆಗಿದ್ದರು. ಈ ಸಲ ಊರ ಗಡಿಯಲ್ಲಿ ನಿಲ್ಲಬೇಡಿ ಎಂದೆ. ಪ್ರಯೋಗಾಲಯದಿಂದ ನನಗೆ ಆಮೇಲೆ ಲಿಖಿತ ಛೀಮಾರಿ ಬಂತು. ಗೊಂಬೆ ಪೆಟ್ಟಿಗೆಯಲ್ಲೇ ಉಳಿಯಿತು. ಚೀಟಿಯಲ್ಲಿ ‘ಕಾಲ ತಿಳಿಯದು’ ಎಂದು ತಿದ್ದಿದರಂತೆ.

ಗುಡಿಯ ಮುಂದೆ ಜನ ಸೇರಿದ್ದರು. ದೇವಿಗೆ ಹಗ್ಗ ಕಟ್ಟಿ ಬಿದಿರಿನ ಚಟ್ಟದ ಮೇಲೆ ಇಟ್ಟಾಗಿತ್ತು. ಪೂಜಾರಿಯನ್ನು ಕಂಡು ಕೂಗಾಟ ಎದ್ದಿತು.

“ಯಾರ್ಲಾ ಅವ್ನು ಬರ್ತಾ ಇರೋನು? ನಾಚ್ಕೆ ಇಲ್ವೇನ್ಲಾ?”

“ಅವನನ್ನು ಕರೆತಂದವನು ನಾನು,” ಎಂದೆ. “ಪರೀಕ್ಷೆ ನಿಮಗೆ ಇಷ್ಟವಲ್ಲವೆ? ಇನ್ನೊಂದು ನೋಡಿ, ಆಮೇಲೆ ಎಸೆಯಿರಿ.”

ಕಟ್ಟೆಯ ಮೇಲೆ ದೀಪ ಹಚ್ಚಿದೆ. ಒಂದು ನಳಿಕೆಯಲ್ಲಿ ಮಧುಗಿರಿಯ ಗೊಂಬೆಯ ಚೂರು, ಇನ್ನೊಂದರಲ್ಲಿ ಗುಂಡಿಯಿಂದ ಹೆಕ್ಕಿದ ಚೂರು. ಆಮ್ಲದಲ್ಲಿ ಕಾಯುವಾಗ ಬಿಳಿಯ ಹೊಗೆ ಎದ್ದಿತು, ಜನ ಕೆಮ್ಮುತ್ತ ಹಿಂದೆ ಸರಿದರು. ಆರಿದ ಮೇಲೆ ನೀರು ಬೆರೆಸಿ, ಕಲ್ಮಷ ತಳಕ್ಕಿಳಿದಾಗ ಗೌಡನನ್ನು ಹತ್ತಿರ ಕರೆದೆ. ಪೆರಾಕ್ಸೈಡಿನ ಸೀಸೆಯನ್ನು ಅವನ ಕೈಗೇ ಕೊಟ್ಟೆ.

“ಇದೇನ್ ಮಾಟಾನಾ ಸ್ವಾಮಿ?”

“ಆಸ್ಪತ್ರೆಯಲ್ಲಿ ಗಾಯ ತೊಳೆಯುವ ನೀರು. ಎರಡಕ್ಕೂ ಹನಿಸಿ.”

ಹನಿಸಿದ. ಒಂದು ನಳಿಕೆ ಕಿತ್ತಳೆಯಾಯಿತು. ಇನ್ನೊಂದು ಹಾಗೆಯೇ ಉಳಿಯಿತು. ಬಣ್ಣ ತೋರಿದ್ದು ಮಧುಗಿರಿಯದು, ನಿಮ್ಮ ತಾತಂದಿರ ಕಾಲದಲ್ಲಿ ಇಲ್ಲದಿದ್ದ ಬಿಳುಪು ಅದರಲ್ಲಿದೆ ಎಂದೆ. ಆಮೇಲೆ ಒಂದು ದೊಡ್ಡ ಚೂರನ್ನು ಮಸೂರದಡಿ ಇಟ್ಟು ಒಬ್ಬೊಬ್ಬರಿಗೂ ತೋರಿಸಿದೆ. ಮುದುಕಿಯೊಬ್ಬಳು ನೀಲಿಯ ಗೆರೆ ಕಂಡು, “ಅಯ್ಯೋ, ನಾನು ಮದ್ವೆಯಾಗಿ ಬಂದಾಗ ಅವ್ವ ನೀಲಿ ಸೀರೆನಾಗೆ ಇದ್ಲು ಕಣಮ್ಮ,” ಎಂದು ಪಕ್ಕದವಳ ಕೈ ಹಿಡಿದಳು. ಹಿಂದೆ ನಿಂತವರೂ ಮಸೂರದ ಹತ್ತಿರ ಬಂದರು. ನನ್ನ ಎರಡು ಪುಟವನ್ನು ಓದಿ ಮುಗಿಸಿದೆ.

ಗೌಡ ಚಟ್ಟದ ಮೇಲಿನ ಬೋಳು ಮರದ ಕಡೆ ನೋಡಿದ, ಬೇಗನೆ ಕಣ್ಣು ತೆಗೆದ. ನಗಲು ನೋಡಿದ. “ಆಗಿದ್ದಾಯ್ತು. ಹಗ್ಗ ಬಿಚ್ರಲಾ. ತಗಳಪ್ಪ ಪೂಜಾರಿ, ಬೀಗದ ಕೈ. ಬಣ್ಣ ಹಚ್ಚಿಸಿ ಪೂಜೆ ಸುರು ಮಾಡು.”

ಮುದುಕ ಕೈ ಚಾಚಲಿಲ್ಲ.

“ಯಾಕ್ಲಾ? ಇನ್ನೇನ್ ಬೇಕು? ಮುಳ್ಳು ತೆಗ್ಸಿ ಹಾಕ್ತೀವಿ. ನೀರು ಸೇದ್ಕ.”

“ನೀವು ನನ್ನ ಮ್ಯಾಲೆ ಹೇಳಿದ್ದು ಹೋಯ್ತು ಗೌಡ್ರೆ,” ಎಂದ ಪೂಜಾರಿ. “ಆ ಗುಂಡೀಲಿ ಬಿದ್ದಿರೋದು ನಮ್ಮವ್ವನ ಚರ್ಮ. ಕುರಿ ಕರುಳಿನ್ ಜತೆ ಹುಳ ತಿಂತಾ ಐತೆ. ನಾನು ಸುಲ್ದಿಲ್ಲ. ಸುಲ್ದೋರು ಎತ್ತಿ. ಎತ್ತಿ ತೊಳ್ದು ಕೊಟ್ರೆ ಬೀಗ ತಗೀತೀನಿ.”

“ಆಳುಗಳ ಕೈಲಿ ಎತ್ತಿಸ್ತೀನಿ ಬುಡು.”

“ಹಂಡೆ ಎತ್ತಿ ಹುಯ್ದಿದ್ದು ಆಳುಗಳಾ?”

ಗೌಡ ಸುತ್ತ ನೋಡಿದ. ಅವನ ಜೊತೆ ಹಂಡೆಗೆ ಕೈ ಹಾಕಿದವರು ಕಟ್ಟೆಯನ್ನು, ಮರವನ್ನು, ತಮ್ಮ ಕಾಲನ್ನು ನೋಡುತ್ತಿದ್ದರು. ಹಗ್ಗ ಬಿಚ್ಚಿದವನು ಅದನ್ನು ಸುತ್ತುತ್ತಲೇ ನಿಂತಿದ್ದ. ಗೌಡ ರುಮಾಲು ತೆಗೆದು ಕಟ್ಟೆಯ ಮೇಲಿಟ್ಟ. ಪಂಚೆ ಎತ್ತಿ ಕಟ್ಟಿದ. ನಾನು ಕರ್ಪೂರದ ಬಟ್ಟೆ ಕೊಡಲು ಹೋದೆ, ಬೇಡವೆಂದು ತಲೆಯಾಡಿಸಿ ಗುಡಿಯ ಹಿಂದಕ್ಕೆ ನಡೆದ. ಉಳಿದವರು ಒಬ್ಬೊಬ್ಬರಾಗಿ ಅವನ ಹಿಂದೆ ಹೋದರು.

ಗುಂಡಿಗೆ ಮೊದಲು ಇಳಿದವನು ಅವನೇ. ಬಗ್ಗಿ ಕೈ ಹಾಕಿದ, ಓಕರಿಸಿದ, ಮತ್ತೆ ಕೈ ಹಾಕಿದ. ಪೂಜಾರಿ ಗುಡಿಯ ಮೆಟ್ಟಿಲ ಮೇಲೆ ಕೂತಿದ್ದ. ಅವನ ಹೆಂಡತಿ ಗುಂಡಿಯ ದಡಕ್ಕೆ ಹೋಗಿ, ಸೆರಗನ್ನು ಮೂಗಿಗೆ ಹಿಡಿಯದೆ, ಸೊಂಟದ ಮೇಲೆ ಕೈಯಿಟ್ಟು ನಿಂತಳು. ಬಹಳ ಹೊತ್ತು ನೋಡಿದಳು. ಗೌಡ ಒಂದು ಹಿಡಿ ಚೂರು ಜರಡಿಗೆ ಹಾಕಿ, ಮುಗಿಯಿತೆಂಬಂತೆ ನೆಟ್ಟಗಾದ.

“ಆ ಮೂಲೇಲಿ ಇನ್ನೂ ಐತೆ ಗೌಡ್ರೆ,” ಎಂದಳು.

ಅವನು ಮತ್ತೆ ಬಗ್ಗಿದ.